ಖಾಲಿ ಸ್ಲೈಡಿನ ಕೆಳಗೆ ಬಂದ ಮಾತು

ದೆವ್ವ, ಭೂತ, ಮೈಮೇಲೆ ಬರೋದು ಅಂತೆಲ್ಲ ಹೇಳುವವರ ಮುಂದೆಯೇ ನಕ್ಕುಬಿಡುತ್ತಿದ್ದವಳು ನಾನು. ಸತ್ತ ಅಜ್ಜಿ ಕನಸಲ್ಲಿ ಬಂದು ನೀರು ಕೇಳಿದಳು ಅಂತ ಯಾರಾದರೂ ಅಂದರೆ, ‘ರಾತ್ರಿ ಏನು ತಿಂದು ಮಲಗಿದ್ದೆ?’ ಅಂತ ಕೇಳುವ ಪೈಕಿ. ಈಗ ಅದನ್ನೆಲ್ಲ ನಂಬುತ್ತೇನೆ ಅಂತಲ್ಲ. ನಗುವ ಧೈರ್ಯ ಹೋಗಿದೆ, ಅಷ್ಟೇ. ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ, ನೀವು ಏನಾದರೂ ತಿಳಿದುಕೊಳ್ಳಿ.

ನನ್ನ ಕೆಲಸ ಕಂಪ್ಯೂಟರಿನಲ್ಲಿ ಪಾಠ ಕಟ್ಟುವುದು. ಕೊಳ್ಳೇಗಾಲದ ಒಂದು ಸಣ್ಣ ಕಚೇರಿಗೆ ಯಳಂದೂರಿನ ನಮ್ಮ ಮನೆಯಿಂದಲೇ ಮಾಡಿಕೊಡುತ್ತೇನೆ. ರೈತರು ಮೊಬೈಲಿನಲ್ಲಿ ನೋಡಿ ಕಲಿಯುವ ಪಾಠಗಳು: ಸ್ಲೈಡು, ಅದಕ್ಕೆ ನನ್ನ ದನಿ, ಕಿವಿ ಕೇಳಿಸದವರಿಗಾಗಿ ಕೆಳಗೆ ಅದೇ ಮಾತು ಅಕ್ಷರವಾಗಿ ಬರುವ ಕ್ಯಾಪ್ಷನ್. ಆ ಸಲ ರೇಷ್ಮೆ ಹುಳು ಸಾಕುವ ಪಾಠ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಸಲ ಬರುತ್ತದೆ. ನಾಲ್ಕಕ್ಕೂ ಹೇಳುವುದು ಹೆಚ್ಚುಕಡಿಮೆ ಒಂದೇ: ಸೊಪ್ಪು ಹಾಕಬೇಡಿ, ತಟ್ಟೆ ಅಲುಗಾಡಿಸಬೇಡಿ. ಹಾಗಾಗಿ ಒಂದನೇ ಜ್ವರದ ಸ್ಲೈಡು ಮಾಡಿ, ಉಳಿದ ಮೂರಕ್ಕೆ ಅದನ್ನೇ ಡೂಪ್ಲಿಕೇಟ್ ಮಾಡಿಕೊಂಡೆ.

ಅದೇ ಕೋಣೆಯಲ್ಲಿ ಅಪ್ಪ ಮಲಗಿದ್ದ. ಬೆಟ್ಟದ ಬಸ್ಸಿನಲ್ಲಿ ಕಂಡಕ್ಟರಾಗಿ ಜೀವಮಾನವೆಲ್ಲ ಕೂಗಿದವನು. ಸ್ಟ್ರೋಕ್ ಹೊಡೆದ ಮೇಲೆ ಮಾತೂ ಇಲ್ಲ, ಕೈಸನ್ನೆಯೂ ಇಲ್ಲ, ಮೂಗಿನ ಪೈಪಿನಲ್ಲಿ ಗಂಜಿ. ತಲೆಯಲ್ಲಿ ನೀರು ತುಂಬಿದೆ, ಆಪರೇಷನ್ ಮಾಡಿ ನೋಡೋಣ, ಗ್ಯಾರಂಟಿ ಮಾತ್ರ ಕೇಳಬೇಡಿ ಅಂತ ಮೈಸೂರಿನ ಡಾಕ್ಟರು ಅಂದಿದ್ದರು. ಮಾರ್ಟಳ್ಳಿಗೆ ಕೊಟ್ಟಿರುವ ಅಕ್ಕ ಅದಕ್ಕೆಂದೇ ಬಂದು ಕೂತಿದ್ದಳು. ಮಾರನೇ ದಿನ ಬೆಳಿಗ್ಗೆ ಆಂಬುಲೆನ್ಸ್ ಬರುವುದಿತ್ತು. ಅಕ್ಕನಿಗೆ ಅನುಮಾನವೇ ಇರಲಿಲ್ಲ. ನನಗೆ ಮಾತ್ರ, ಈ ಜೀವವನ್ನು ಮತ್ತೆ ಹೊತ್ತುಕೊಂಡು ಹೋಗಿ ಕೊಯ್ಯಿಸಬೇಕಾ ಅನ್ನಿಸುತ್ತಿತ್ತು. ಅವನನ್ನೇ ಕೇಳೋಣ ಅಂದರೆ ಅವನಿಗೆ ಬಾಯಿಲ್ಲ.

ಮಧ್ಯಾಹ್ನದ ಹೊತ್ತು. ಡೂಪ್ಲಿಕೇಟ್ ಸ್ಲೈಡುಗಳಿಂದ ಹಳೇ ದನಿ ತೆಗೆದುಹಾಕಿದ್ದೆ, ಹೊಸದು ಇನ್ನೂ ಹೇಳಿರಲಿಲ್ಲ. ಓಡಿಸಿ ನೋಡಿದರೆ ಎರಡನೇ ಜ್ವರದ ಸ್ಲೈಡಿನ ಕೆಳಗೆ ಕ್ಯಾಪ್ಷನ್ ಬಂತು. ಅಷ್ಟಕ್ಕೇ ಗಾಬರಿಯಾಗುವವಳಲ್ಲ ನಾನು. ಕಾಪಿ ಮಾಡಿದಾಗ ಹಳೇ ಕ್ಯಾಪ್ಷನ್ ಅಂಟಿಕೊಂಡು ಬರುವುದು ಮಾಮೂಲಿ ಕಾಟ. ಆದರೆ ಬಂದದ್ದು ಪಾಠದ ಮಾತಲ್ಲ.

‘ನನ್ನ ಎಲ್ಲೂ ಕರ್ಕಂಡ್ ಓಗ್ಬೇಡ ಕಣವ್ವ. ಇಲ್ಲೇ ಇರ್ತೀನಿ.’

ಕ್ಯಾಪ್ಷನ್ ತಿದ್ದುವ ಜಾಗ ತೆರೆದೆ. ಖಾಲಿ. ಮತ್ತೆ ಓಡಿಸಿದೆ, ಅದೇ ಸಾಲು. ಸ್ಲೈಡು ಅಳಿಸಿ ಒಂದನೆಯದರಿಂದ ಮತ್ತೆ ಕಾಪಿ ಮಾಡಿದೆ, ಕಾಪಿಯಲ್ಲೂ ಅದೇ. ಒಂದನೆಯದರಲ್ಲಿ ನೋಡಿದರೆ ಸೊಪ್ಪಿನ ವಿಚಾರವೇ ಇದೆ. ಸಾಫ್ಟ್‌ವೇರ್ ಮುಚ್ಚಿ ತೆರೆದೆ, ಕಂಪ್ಯೂಟರನ್ನೇ ಆಫ್ ಮಾಡಿ ಹಾಕಿದೆ. ಮೂರನೇ ಜ್ವರ, ನಾಲ್ಕನೇ ಜ್ವರ, ಎಲ್ಲಿ ನೋಡಿದರೂ ಅದೇ. ನನ್ನನ್ನು ‘ಕಣವ್ವ’ ಅನ್ನುತ್ತಿದ್ದವನು ಈ ಲೋಕದಲ್ಲಿ ಒಬ್ಬನೇ.

ತಿರುಗಿ ನೋಡಿದೆ. ಅಪ್ಪ ಸೂರು ನೋಡುತ್ತಾ ಮಲಗಿದ್ದ. ಹತ್ತಿರ ಹೋಗಿ, ‘ಅಪ್ಪಾ, ನೀನೇನಾ?’ ಅಂತ ಕೇಳಿದೆ. ಎಡಗಣ್ಣಲ್ಲಿ ನೀರು ಇಳಿಯಿತು. ಆದರೆ ಆ ಕಣ್ಣಲ್ಲಿ ದಿನವೂ ನೀರು ಇಳಿಯುತ್ತಿತ್ತು. ಅದನ್ನು ಏನಂತ ಓದಲಿ?

ಅಕ್ಕನನ್ನು ಕರೆದು ತೋರಿಸಿದೆ. ಅವಳು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು, ಆಮೇಲೆ ನನ್ನ ಮುಖ ನೋಡಿದಳು.

‘ಏನ್ಲೇ ಇದು? ನೀನೇ ಬರ್ದು ನಂಗೇ ತೋರುಸ್ತಿದ್ದೀಯಾ?’

‘ಅಯ್ಯೋ, ನಾನ್ಯಾಕಕ್ಕ ಬರೀಲಿ!’

‘ನಿಂಗೆ ನೋಡ್ಕಂಡು ನೋಡ್ಕಂಡು ಸಾಕಾಗ್ಬುಟ್ಟದೆ ಕಣೇ. ಅದ್ನ ಬಾಯ್ಬುಟ್ಟು ಏಳು. ಅಪ್ಪನ್ ಎಸ್ರಲ್ಲಿ ಆಟ ಕಟ್ಬೇಡ.’

ಹಾಳಾದವಳು, ಎಂಥ ಮಾತಾಡಿದಳು! ಸಾಕಾಗಿರಲಿಲ್ಲವಾ ಅಂದರೆ, ಆಗಿತ್ತು. ಮೈಯೆಲ್ಲ ನುಗ್ಗಾಗಿತ್ತು. ಹಾಸಿಗೆ, ಬಟ್ಟೆ, ಗಂಜಿ, ಮಗ್ಗುಲು ತಿರುಗಿಸೋದು, ಅದರ ನಡುವೆ ಈ ಪಾಠ. ಅದಕ್ಕೇ ಅವಳ ಮಾತು ಎದೆಗೆ ನಾಟಿತು. ಆದರೂ ಸಂಜೆ ಫೋನ್ ಮಾಡಿ ಆಂಬುಲೆನ್ಸ್ ಬೇಡ ಅಂದುಬಿಟ್ಟೆ. ಅಕ್ಕ ಅತ್ತಳು, ಕೂಗಾಡಿದಳು, ಕೊನೆಗೆ ಗೋಡೆಗೆ ತಿರುಗಿ ಕೂತಳು. ಅಪ್ಪ ಅದೇ ವಾರ, ಅದೇ ಕೋಣೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ ಹೋದ. ಒದ್ದಾಡಲಿಲ್ಲ.

ಕರ್ಮ ಎಲ್ಲ ಮುಗಿದ ಮೇಲೆ ಆ ಫೈಲ್ ತೆರೆದೆ. ಕಾಪಿ ಸ್ಲೈಡುಗಳ ಕೆಳಗೆ ಏನೂ ಇರಲಿಲ್ಲ. ಎಷ್ಟು ಸಲ ಓಡಿಸಿದರೂ ಬರಲಿಲ್ಲ. ಅವತ್ತು ಫೋಟೋನಾದರೂ ಹೊಡೆದುಕೊಳ್ಳಬೇಕಿತ್ತು, ಬುದ್ಧಿ ಓಡಲಿಲ್ಲ. ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿಯನ್ನು ಕೇಳಿದೆ. ‘ಕಾಪಿ ಮಾಡಿದ್ರೆ ಒಂದೊಂದ್ಸಲ ಎಲ್ಲೆಲ್ಲಿಂದಲೋ ಬರುತ್ತೆ ಮೇಡಂ. ಆದ್ರೆ ಯಾರಾದ್ರೂ ಒಂದ್ಸಲ ಟೈಪ್ ಮಾಡಿರಲೇಬೇಕಲ್ವಾ’ ಅಂದಳು. ಯಾರು? ನಮ್ಮ ಮನೆಯಲ್ಲಿ ಟೈಪ್ ಮಾಡಲು ಬರುತ್ತಿದ್ದವಳು ನಾನೊಬ್ಬಳೇ. ನಿದ್ದೆಗಣ್ಣಲ್ಲಿ ನನ್ನ ಬೆರಳುಗಳೇ ಹೊಡೆದುಬಿಟ್ಟವಾ? ನೆನಪಿಲ್ಲ. ನಾನೇ ಅಂತ ಹೇಳೋಕೂ ಆಗಲ್ಲ, ನಾನಲ್ಲ ಅಂತ ಆಣೆ ಇಡೋಕೂ ಆಗಲ್ಲ.

ತಿಥಿ ಮುಗಿಸಿ ಹೊರಟ ಅಕ್ಕ ಮತ್ತೆ ಈ ಕಡೆ ತಲೆ ಹಾಕಿಲ್ಲ. ಹನೂರು ಬಸ್ಸು ಹತ್ತುವ ಮುಂಚೆ ಅವಳು ಅಂದದ್ದು ಇಷ್ಟು: ‘ಬರ್ದೋಳು ನಾನೇ ಅಂತ ಒಂದ್ಸಲ ಒಪ್ಕೋ. ಎಲ್ಲಾನು ಮರ್ತು ನಿನ್ ಮನೆಗೆ ಬತ್ತೀನಿ.’

ಎಷ್ಟೋ ಸಲ ಫೋನ್ ಕೈಗೆ ತೆಗೆದುಕೊಂಡಿದ್ದೇನೆ. ‘ಹೂಂ ಅಕ್ಕ, ನಾನೇ’ ಅಂದುಬಿಟ್ಟರೆ ಮುಗಿಯಿತು, ನನಗೂ ಅವಳನ್ನು ಬಿಟ್ಟರೆ ಯಾರಿದ್ದಾರೆ? ಆದರೆ ಹಾಗಂದ ಮೇಲೆ ಅಪ್ಪ ನನ್ನ ಹತ್ತಿರ ಏನೂ ಹೇಳಲೇ ಇಲ್ಲ ಅಂತಾಗುತ್ತದೆ. ಆಂಬುಲೆನ್ಸ್ ಬೇಡ ಅಂದವಳು ನಾನೊಬ್ಬಳೇ ಆಗುತ್ತೇನೆ. ಫೋನನ್ನು ಹಾಗೇ ಕೆಳಗಿಡುತ್ತೇನೆ.