ಅವಳಿಗಿಲ್ಲದ ಕಾಯಿಲೆ

ನಿದ್ದೆ ಬೇಡವೆನಿಸಿದ್ದೇ ಮೊದಲು. ಆಯಾಸವೇ ಇರಲಿಲ್ಲ. ತಲೆಯೊಳಗೆ ಮಾತು ಮಾತನ್ನು ತಳ್ಳಿಕೊಂಡು ಬರುತ್ತಿತ್ತು. ಆಗ ನಾನು ನಜರ್‌ಬಾದಿನ ಶಾಲೆಯೊಂದರಲ್ಲಿ ಟೀಚರ್. ಒಂದು ಬೆಳಿಗ್ಗೆ ಇನ್ನು ಪರೀಕ್ಷೆಯೇ ಇಲ್ಲವೆಂದು ಕೂಗುತ್ತಾ ಮಕ್ಕಳನ್ನೆಲ್ಲ ರಸ್ತೆಗಿಳಿಸಿದೆ. ಹೆಡ್‌ಮಾಸ್ಟರು ಅಪ್ಪನಿಗೆ ಫೋನ್ ಮಾಡಿದರು.

ಬೈಪೋಲಾರ್ ಡಿಸಾರ್ಡರ್, ಒಮ್ಮೆ ಅತಿ ಹುರುಪು, ಒಮ್ಮೆ ಮಂಕು, ಅಂದರು ಡಾಕ್ಟರ್.

ಲಿಥಿಯಂ ಮಾತ್ರೆ ಶುರುವಾಯಿತು. ಕೈ ನಡುಗಿತು. ಬಾಯಿ ಒಣಗಿತು. ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾಯಿತು. ಅದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಅಮ್ಮನ ಮಾತು. ನನ್ನ ತಂಗಿ ಶೈಲ ನನ್ನ ಅವಳಿ. ಯಾರು ಯಾರೆಂದು ನೆರೆಯವರಿಗೆ ಇವತ್ತಿಗೂ ತಿಳಿಯದು.

"ಅವಳೂ ನಿನ್ ಜೊತೇಲೇ ಹೊಟ್ಟೇಲಿದ್ದೋಳು. ಅವಳಿಗಿಲ್ಲದ ಕಾಯಿಲೆ ನಿನಗೆಲ್ಲಿಂದ ಬಂತು? ಎಲ್ಲಾ ಹಟ ಕಣೆ!"

ತಂಗಿಯ ಆರೋಗ್ಯವೇ ನನ್ನ ವಿರುದ್ಧ ಸಾಕ್ಷಿಯಾಯಿತು. ಅವಳು ನಕ್ಕರೂ ನನಗೆ ಮೈ ಉರಿಯುತ್ತಿತ್ತು. ಮಂಕು ಕವಿದು ಹಾಸಿಗೆಯಿಂದ ಏಳಲಾಗದ ವಾರಗಳಲ್ಲಿ, "ಶೈಲನ್ನ ನೋಡಿ ಕಲಿ" ಎಂದು ಅಪ್ಪ ಹೊದಿಕೆ ಎಳೆಯುತ್ತಿದ್ದರು.

ಕೊನೆಗೊಮ್ಮೆ ಅಮ್ಮನನ್ನೂ ಶೈಲಳನ್ನೂ ಆಸ್ಪತ್ರೆಗೆ ಎಳೆದೊಯ್ದೆ.

"ನಾನು ನಾಟಕ ಆಡ್ತಿದೀನಾ ಡಾಕ್ಟ್ರೇ? ಇವರ ಎದುರಿಗೇ ಹೇಳಿ."

ಅವರು ಅಮ್ಮನ ಕಡೆ ತಿರುಗಿದರು. "ಇಬ್ಬರಿಗೂ ಜೀನ್ ಒಂದೇ ಕಣಮ್ಮ. ಆದ್ರೆ ಜೀನ್‌ನಿಂದ ಬರೋ ಸಂದೇಶನ ಜೀವಕೋಶ ಕತ್ತರಿಸಿ, ಬೇಕಾದ ತುಂಡುಗಳನ್ನ ಜೋಡಿಸುತ್ತೆ. ಅದೇ ಸ್ಪ್ಲೈಸಿಂಗ್. ಜೋಡಣೆ ಬೇರೆ ಆದ್ರೆ ತಯಾರಾಗೋ ಪ್ರೋಟೀನೂ ಬೇರೆ ಆಗಬಹುದು. ಈ ಕಾಯಿಲೆಗೆ ಅದೂ ಒಂದು ಕಾರಣ ಇರಬಹುದಾ ಅಂತ ಹುಡುಕ್ತಿದಾರೆ. ಖಾತ್ರಿ ಇಲ್ಲ."

"ಹಂಗಾರೆ ಇವಳು ಬೇಕೂಂತ ಮಾಡಿದ್ದಲ್ವಾ?"

"ಬೇಕೂಂತ ಯಾರಾದ್ರೂ ಇದನ್ನ ತಂದ್ಕೋತಾರಾ?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಸಿಟ್ಟು ಬಂತು. ವರ್ಷಗಟ್ಟಲೆ ನಾನು ಅತ್ತು ಹೇಳಿದ್ದು ಕೇಳಿಸದ ಕಿವಿಗೆ, ಇನ್ನೂ ಖಾತ್ರಿಯಿಲ್ಲದ ಒಂದು ಇಂಗ್ಲಿಷ್ ಪದ ಕೇಳಿಸಿತ್ತು.

ಆಮೇಲೆ ಶೈಲಳನ್ನು ನೋಡಲು ಕುಂಬಾರಕೊಪ್ಪಲಿನಿಂದ ಗಂಡಿನ ಕಡೆಯವರು ಬಂದರು. ನನ್ನ ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು. ಹುಡುಗನ ತಾಯಿ ನನ್ನತ್ತ ಕಣ್ಣು ಹಾಯಿಸಿ, "ಅಕ್ಕನಿಗಿರೋದು ನಿಂಗೂ ಬರುತ್ತೇನಮ್ಮ?" ಎಂದು ಶೈಲಳನ್ನು ಕೇಳಿದರು.

"ಬರಬಹುದು, ಬರದೇನೂ ಇರಬಹುದು. ಬಂದ್ರೆ ಮಾತ್ರೆ ತಗೊಂಡು ಕೆಲಸಕ್ಕೆ ಹೋಗ್ತೀನಿ ಕಣ್ರೀ, ನಮ್ಮಕ್ಕನ ಹಾಗೆ."

ಅವರು ಕಾಫಿಯನ್ನೂ ಕುಡಿಯದೆ ಎದ್ದರು. ಅಮ್ಮ ನಮ್ಮಿಬ್ಬರಲ್ಲಿ ಯಾರನ್ನೂ ಬೈಯಲಿಲ್ಲ.

ಈಗ ಲಿಥಿಯಂ ಪ್ರಮಾಣ ನೋಡುವ ರಕ್ತಪರೀಕ್ಷೆಗೆ ಅಮ್ಮನೇ ಜೊತೆಗೆ ಬರುತ್ತಾಳೆ. ಯಾರಿಗೆಂದು ಅಲ್ಲಿ ಯಾರಾದರೂ ಕೇಳಿದರೆ, "ನನ್ನ ದೊಡ್ಡ ಮಗಳಿಗೆ" ಎಂದು ಜೋರಾಗಿಯೇ ಹೇಳುತ್ತಾಳೆ. ಕ್ಷಮಿಸಿದ್ದೇನೆಯೇ? ಇನ್ನೂ ಇಲ್ಲ. ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಕೊಡುತ್ತೇನೆ.