ಕೆಂಪು-ಹಸಿರು ಕಾಣದ ಫಕೀರಪ್ಪನ ಗಾಳದಂಗಡಿ

ಮಾರ್ಚ್ ತಿಂಗಳ ಬೆಳಗ್ಗೆ ಐದೂಕಾಲು. ಕುವೈತಿನ ಫಿಂಟಾಸ್ ಕಡಲಂಚಿನ ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ ಫಕೀರಪ್ಪ, ಲೂರ್ ಎನ್ನುವ ಪ್ಲಾಸ್ಟಿಕ್ಕಿನ ನಕಲಿ ಮೀನುಗಳನ್ನು ಒಂದೊಂದಾಗಿ ನೀರಿಗೆ ಇಳಿಸಿ ನೋಡುತ್ತಿದ್ದಾರೆ. ಅಂಗಡಿಯ ಹಳೆಯ ಗಿರಾಕಿ, ಮಂಗಳೂರಿನ ರೊನಾಲ್ಡ್ ಗಾಳದ ಕೋಲು ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದಾರೆ. ಐದನೆಯದು, ಕಪ್ಪು ಬೆನ್ನಿನದು, ಆಯ್ಕೆಯಾಗುತ್ತದೆ.

"ನಿನ್ನಿ ಗಾಳಿಗೆ ನೀರು ರಾಡಿ ಆಗೇತ್ರಿ. ಇದರ ನೆರಳು ಛಲೋ ಕಾಣತೈತಿ. ಆದ್ರ ಈಗ ಒಗೀಬ್ಯಾಡ್ರಿ, ನೀರು ಇನ್ನೂ ಏರಾಕ ಹತ್ತಿಲ್ಲ."

ಹದಿನೇಳು ನಿಮಿಷ ಕಾಯುತ್ತೇವೆ. "ಈಗ ಒಗೀರಿ," ಎನ್ನುತ್ತಾರೆ. ಮೂರನೇ ಎಸೆತಕ್ಕೇ ಕೋಲು ಬಾಗುತ್ತದೆ. ಎರಡು ಕಿಲೋ ತೂಗುವ ಸುಬೈತಿ ಮೀನು! ನಾನು ಬಿಟ್ಟ ಬಾಯಿ ಬಿಟ್ಟಂತೆಯೇ ಇದ್ದೇನೆ. ಹುಟ್ಟಿದಾಗಿನಿಂದ ಮೀನು ಬಾಯಿಗಿಡದ ಫಕೀರಪ್ಪ ಮಾತ್ರ ಉಳಿದ ಲೂರುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದಾರೆ.

ಈ ಮನುಷ್ಯನಿಗೆ ಕೆಂಪು ಯಾವುದು, ಹಸಿರು ಯಾವುದು ತಿಳಿಯುವುದಿಲ್ಲ. ಗದಗ ಕಡೆಯಿಂದ ೨೦೧೧ರಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕೆಂದು ಬಂದವರು, ಕಣ್ಣಿನ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ನಡುವಿನ ಅಂಕಿ ಓದಲಾಗದೆ ಕೆಲಸ ಕಳೆದುಕೊಂಡರು. "ಬರೇ ಚುಕ್ಕಿ ಅದಾವ್ರಿ ಅಂದ್ನಿ. ಖಲಾಸ್!" ಗಾಳದ ಸಾಮಾನಿನ ಅಂಗಡಿಯ ಮಾಲೀಕ ಅಬು ನಾಸಿರ್ ಇವರನ್ನು ಪೆಟ್ಟಿಗೆ ಹೊರಲು, ಸಾಮಾನು ತೆಗೆದುಕೊಡಲು ಇಟ್ಟುಕೊಂಡು ಕಫೀಲರಾದರು, ಅಂದರೆ ವೀಸಾದ ಹೊಣೆ ಹೊತ್ತರು. ಫಕೀರಪ್ಪ ಮಾಲೀಕರಿಗೂ ಈ ವಿಷಯ ಹೇಳಲಿಲ್ಲ. ಗೊತ್ತಾದರೆ ಇದೂ ಹೋದೀತೆಂಬ ಭಯ. ಗೋಡೆಯ ಮೇಲಿನ ಮುನ್ನೂರ ನಲವತ್ತು ಲೂರುಗಳು ಯಾವ ಗೂಟದಲ್ಲಿವೆ ಎಂಬುದನ್ನು ಬಾಯಿಪಾಠ ಮಾಡಿಕೊಂಡು, ದಿನಕ್ಕೆ ಹನ್ನೆರಡು ತಾಸು ನಿಂತು, ವರ್ಷಗಟ್ಟಲೆ ನಿಭಾಯಿಸಿದರು. ನನಗಂತೂ ನಾಲ್ಕು ಫೋನ್ ನಂಬರ್ ನೆನಪಿರುವುದಿಲ್ಲ.

ಕಳೆದ ಜನವರಿಯಲ್ಲಿ ಹೊಸ ಸರಕು ಬಂದಾಗ ಮಾಲೀಕರು ಗೂಟಗಳನ್ನು ಅದಲುಬದಲು ಮಾಡಿದರು. ರೊನಾಲ್ಡ್ ಕೆಂಪು ತಲೆಯದು ಕೇಳಿದರು. ಫಕೀರಪ್ಪ ಕೊಟ್ಟಿದ್ದು ಹಸಿರು.

"ನಾನು ಬಾಯಿ ಮುಚ್ಚಿ ತಕೊಂಡು ಹೋಗ್ಬೇಕಿತ್ತು ಮಾರಾಯ್ರೆ," ಎಂದು ರೊನಾಲ್ಡ್ ಇಂದಿಗೂ ಹಲುಬುತ್ತಾರೆ. "ಜೋರಾಗಿ ನಗಾಡಿದೆ. ಅಬು ನಾಸಿರ್ ಅಲ್ಲೇ ಇದ್ರು. 'ಇದು ಯಾವ ಬಣ್ಣ?' ಅಂತ ಕೇಳಿದ್ರು. ಇವರು ಪುನಃ ಕೆಂಪು ಅಂದ್ರು."

ಇಕಾಮಾ, ಅಂದರೆ ಕುವೈತಿನಲ್ಲಿರುವ ಪರವಾನಗಿ, ಮುಗಿಯಲು ಇನ್ನು ಒಂದೇ ತಿಂಗಳು. ಮೂರನೆಯ ದಿನ ನಸುಕಿನಲ್ಲಿ ಕೋಣೆಯ ಮುಂದೆ ಅವರ ಗಾಡಿ ಬಂದು ನಿಂತಿತು.

"'ಯಲ್ಲಾ, ಹತ್ತು' ಅಂದ್ರು. ವಿಮಾನ ಹತ್ತಸ್ತಾರ ಅನ್ಕೊಂಡು ಅರಿವಿ ಎಲ್ಲಾ ತುಂಬ್ಕೊಂಡು ಸೂಟ್‌ಕೇಸ್ ಹಿಡಕೊಂಡ ಹೋದ್ನಿ. ಗಾಡಿ ಸಮುದ್ರಕ್ಕ ಬಂತು. ಒಂದು ಚೀಲ ಲೂರು ಮುಂದ ಸುರುವಿ, ಆರಿಸು ಅಂದ್ರು."

ಫಕೀರಪ್ಪ ಆರಿಸಿದರು. ನೀರು ನೋಡಿ ಅರ್ಧ ತಾಸು ಕಾಯಿಸಿದರು. ಅಬು ನಾಸಿರ್ ಎಸೆದರು. ಒಂದಲ್ಲ, ನಾಲ್ಕು ಮೀನು. ಅದು ಹೇಗೆ ಸಾಧ್ಯ ಎಂದು ನಾನೂ ಕೇಳುತ್ತೇನೆ.

"ನಸುಕಿನ್ಯಾಗ ನೀರೊಳಗ ಕೆಂಪು ಎಲ್ಲಿ ಉಳಿತೈತ್ರಿ? ನೀವು ಬಣ್ಣ ನೋಡಿ ಮರುಳಾಗ್ತೀರಿ. ನಾನು ರಜಾ ಇದ್ದಾಗೆಲ್ಲಾ ಇಲ್ಲೇ ಕುಂತು ನೀರು ನೋಡೇನ್ರಿ. ನನಗ ಹೊಳಪು, ನೆರಳು, ಅಲಗಾಟ ಅಷ್ಟ ಕಾಣತೈತಿ. ಮೀನಿಗೂ ಅಷ್ಟ ಸಾಕು."

ಇದು ವಿಜ್ಞಾನವೋ, ಹದಿಮೂರು ವರ್ಷದ ತಪಸ್ಸೋ ನನಗೆ ಗೊತ್ತಿಲ್ಲ. ಕೈ ಮುಗಿಯಬೇಕು ಎನ್ನಿಸಿತು, ಅಷ್ಟೆ. ಇಕಾಮಾ ನವೀಕರಣವಾಗಿದೆ. ಫಕೀರಪ್ಪ ಈಗ ಪೆಟ್ಟಿಗೆ ಹೊರುವುದಿಲ್ಲ, ಕೌಂಟರಿನಲ್ಲಿ ಕೂರುತ್ತಾರೆ. ಮರುದಿನ ವಾರದ ರಜೆಯಾದ್ದರಿಂದ ಗುರುವಾರ ಸಂಜೆ ಅರವತ್ತು ಎಪ್ಪತ್ತು ಗಿರಾಕಿಗಳು ಸಾಲು ನಿಲ್ಲುತ್ತಾರೆ.

ಯಾರಾದರೂ ಕೆಂಪು ಕೇಳಿದರೆ?

"ಮೊದಲ ಗೂಟ ನೆನಪಿಟ್ಟು ಕೊಡ್ತಿದ್ನಿರಿ. ಈಗ 'ನನಗ ಬಣ್ಣ ಕಾಣಂಗಿಲ್ಲ' ಅಂತ ಮಾರಿ ನೋಡಿ ಹೇಳ್ತೀನಿ. 'ಎಷ್ಟು ಹೊತ್ತಿಗೆ ಹೊಂಟೀರಿ? ಅದನ್ನಷ್ಟ ಹೇಳ್ರಿ, ಉಳಿದದ್ದು ನನಗ ಬಿಡ್ರಿ' ಅಂತೀನಿ."