ಕೊನೆಯ ಹದಿನೈದು ನಿಮಿಷ

ಪಿ.ಟಿ. ಮೇಡಂ ಕೊರಳಲ್ಲಿ ಯಾವಾಗಲೂ ಎರಡು ಇರುತ್ತಿದ್ದವು. ಒಂದು ಕರಿಮಣಿ ತಾಳಿ, ಇನ್ನೊಂದು ಕಪ್ಪು ದಾರಕ್ಕೆ ಕಟ್ಟಿದ ಸ್ಟೀಲಿನ ಸೀಟಿ. ಗ್ರೌಂಡಿನಲ್ಲಿ ನಮ್ಮ ಹಿಂದೆ ಓಡುವಾಗ ಎರಡೂ ಹೆಣೆದುಕೊಂಡು ಗಂಟಾಗುತ್ತಿದ್ದವು. ಗಡಿಬಿಡಿಯಲ್ಲಿ ಎಷ್ಟೋ ಸಲ ತಾಳಿಯನ್ನೇ ತುಟಿಗಿಟ್ಟು ಊದಿಬಿಡುತ್ತಿದ್ದರು. ಸದ್ದು ಬರುತ್ತಿರಲಿಲ್ಲ. ನಾವು ನಕ್ಕರೆ ಅವರೂ ನಗುತ್ತಾ ಗಂಟು ಬಿಡಿಸಿಕೊಂಡು, "ಇದನ್ನ ಊದಿದ್ರ ಯಾರೂ ನಿಂದರಂಗಿಲ್ಲವಾ, ನನ್ನ ಗಂಡನೂ ನಿಂದರಂಗಿಲ್ಲ" ಅನ್ನುತ್ತಿದ್ದರು.

ಅವರು ಗದಗದ ಕಡೆಯವರು. ಯಜಮಾನರಿಗೆ ಕೆ.ಜಿ.ಎಫ್‌ನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಿದ್ದರು. ಬಂದ ಹೊಸದರಲ್ಲಿ ನಮ್ಮ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ, ಅವರ ಮಾತು ನಮಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಕಾಲೇಜಿನ ಹುಡುಗಿಯರು ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡಿ ಮುಗಿಸುವವರು. ಮೇಡಂ ಒಂದು ವಾರ ಕಿವಿಗೊಟ್ಟು ಕೇಳಿ, ಕೊನೆಗೆ ಸಮಾಧಾನದಿಂದ ಹೇಳಿದರಂತೆ: "ಚಲೋ ಆತು. ಕನ್ನಡದಾಗೂ ಓಡು, ತಮಿಳಿನ್ಯಾಗೂ ಓಡು. ತೆಲುಗಿನವರಿಗೆ ಅಷ್ಟ ಬ್ಯಾರೆ ಹೇಳಬೇಕು." ಸೀರೆಯನ್ನು ಮೊಣಕಾಲ ಕೆಳಗಿನವರೆಗೆ ಎತ್ತಿ ಕಟ್ಟಿ, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಗ್ರೌಂಡಿನ ಉದ್ದಕ್ಕೂ "ಓಡು, ಪರಿಗೆತ್ತು, ಓಡು" ಎಂದು ಅವರು ಕೂಗುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ.

ನನ್ನನ್ನು ಅವರು ಹಿಡಿದದ್ದು ಕಾಲೇಜಿನ ಗೇಟಿನಲ್ಲಿ. ನಮ್ಮೂರು ಬಂಗಾರಪೇಟೆಯ ಪಕ್ಕದ ಹಳ್ಳಿ. ಅಪ್ಪ ಅಮ್ಮ ಇಬ್ಬರೂ ಟೊಮೆಟೊ ತೋಟಗಳಲ್ಲಿ ಕೂಲಿ ಮಾಡುವವರು. ನಾನು ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಉರಿಗಾಂ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ರೈಲು ದಿನವೂ ತಡ. ಇಳಿದವಳೇ ಬ್ಯಾಗು ಎದೆಗೆ ಅವುಚಿಕೊಂಡು ಕಾಲೇಜಿನವರೆಗೆ ಓಡುವುದು ನನ್ನ ಅಭ್ಯಾಸವಾಗಿತ್ತು. ಒಂದು ದಿನ ಗೇಟಿನಲ್ಲಿ ಮೇಡಂ ಕೈ ಅಡ್ಡ ಹಿಡಿದರು.

"ಯಾವೂರವಾ ನಿಂದು?"

ಬೈಯುತ್ತಾರೆ ಅಂದುಕೊಂಡು, "ರೈಲು ಲೇಟು ಮೇಡಂ" ಅಂದೆ.

"ರೈಲಿನ ಸುದ್ದಿ ಕೇಳಲಿಲ್ಲ. ಚಪ್ಪಲಿ ಹಾಕ್ಕೊಂಡು ಹಿಂಗ ಓಡ್ತಿ ಅಂದ್ರ, ಬೂಟು ಹಾಕಿದ್ರ ಹೆಂಗ ಓಡಬ್ಯಾಡ ನೀ. ಸಂಜಿಗೆ ಗ್ರೌಂಡಿಗೆ ಬಾ."

ಅಲ್ಲಿಯವರೆಗೆ ನಾನು ಫುಟ್‌ಬಾಲನ್ನು ಮುಟ್ಟಿದವಳೂ ಅಲ್ಲ. ಗಣಿಯ ಕಾಲದಿಂದ ಈ ಊರಿನಲ್ಲಿ ಫುಟ್‌ಬಾಲ್ ಹುಚ್ಚು ಇತ್ತಾದರೂ ಅದು ಗಂಡಸರ ಹುಚ್ಚು. ಮೇಡಂ ಹುಡುಗಿಯರ ಟೀಮು ಕಟ್ಟುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. ಅವರಿಗೆ ಮೊದಲು ಸಿಕ್ಕವಳು ಸೆಲ್ವಿ. ಉರಿಗಾಂನ ಗಣಿ ಕೆಲಸಗಾರರ ಲೈನು ಮನೆಯ ಹುಡುಗಿ, ಅವಳ ತಾತ ಗಣಿಯಲ್ಲಿ ದುಡಿದವರು. ಬಾಲು ಅವಳ ಕಾಲಿಗೆ ಸಾಕಿದ ನಾಯಿಯ ಹಾಗೆ ಅಂಟಿಕೊಳ್ಳುತ್ತಿತ್ತು. ಅವಳೇ ನಮ್ಮ ಕ್ಯಾಪ್ಟನ್. ಅವಳು ನಡುವಿನಿಂದ ಬಾಲನ್ನು ಬಲಗಡೆಯ ಖಾಲಿ ಜಾಗಕ್ಕೆ ಉದ್ದಕ್ಕೆ ಒದೆಯಬೇಕು, ನಾನು ಗೆರೆಯ ಪಕ್ಕದಲ್ಲೇ ಓಡಿ ಹಿಡಿಯಬೇಕು, ಹಿಡಿದು ಗೋಲಿನ ಮುಂದಕ್ಕೆ ದಾಟಿಸಬೇಕು, ಅಷ್ಟರಲ್ಲಿ ಅವಳು ಅಲ್ಲಿಗೆ ಬಂದಿರಬೇಕು. ಇದೊಂದೇ ನಮ್ಮ ವಿದ್ಯೆ. ಆದರೆ ಅದನ್ನು ಚೆನ್ನಾಗಿ ಕಲಿತಿದ್ದೆವು. ಒಂದೂಕಾಲು ಗಂಟೆಯ ಮ್ಯಾಚಿನಲ್ಲಿ ಮೊದಲ ಒಂದು ಗಂಟೆ ನಮ್ಮನ್ನು ಹಿಡಿಯುವವರೇ ಇರುತ್ತಿರಲಿಲ್ಲ.

ತೊಂದರೆ ಇದ್ದದ್ದು ಆಮೇಲೆ. ಕೊನೆಯ ಹದಿನೈದು ನಿಮಿಷ ಬಂತೆಂದರೆ ಕಾಲಿಗೆ ಯಾರೋ ಕಲ್ಲು ಕಟ್ಟಿದ ಹಾಗೆ. ಸೆಲ್ವಿ ಒದೆದ ಬಾಲು ನನ್ನ ಮುಂದೆಯೇ ಉರುಳಿಕೊಂಡು ಗೆರೆ ದಾಟುತ್ತಿತ್ತು, ನಾನು ನೋಡುತ್ತಾ ನಿಲ್ಲುತ್ತಿದ್ದೆ. ಒಬ್ಬಳಿಗೆ ಮೀನಖಂಡ ಹಿಡಿದುಕೊಂಡರೆ ಇನ್ನೊಬ್ಬಳಿಗೆ ಕಣ್ಣು ಕತ್ತಲೆ. ಒಂದು ಗೋಲು ಮುಂದಿದ್ದು ಸೋತೆವು, ಎರಡು ಗೋಲು ಮುಂದಿದ್ದೂ ಸೋತೆವು. ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವರು ನಮ್ಮನ್ನು ಕಂಡರೆ ಸಾಕು, "ಏನಮ್ಮಾ, ಇವತ್ತೂ ಒಂದು ಗಂಟೆ ಗೆದ್ದು ಆಮೇಲೆ ಸೋತ್ರಾ?" ಎಂದು ಕೇಳುತ್ತಿದ್ದರು. ಅವರು ಕೇಳುವುದರಲ್ಲಿ ಕೆಟ್ಟತನವಿರಲಿಲ್ಲ, ಅದಕ್ಕೇ ಇನ್ನೂ ಅವಮಾನವಾಗುತ್ತಿತ್ತು.

ಮೇಡಂ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದರು, ಇನ್ನಷ್ಟು ಓಡಿಸಿದರು. ಹತ್ತು ಸುತ್ತು ಇದ್ದದ್ದು ಹದಿನೈದಾಯಿತು. ಆಮೇಲೆ ಮನೆಯಿಂದ ಶೇಂಗಾ ಉಂಡೆ ಕಟ್ಟಿ ತರತೊಡಗಿದರು. ಉಂಡೆ ಬಹಳ ರುಚಿಯಾಗಿದ್ದವು, ಆದರೆ ಕೊನೆಯ ಹದಿನೈದು ನಿಮಿಷ ಬದಲಾಗಲಿಲ್ಲ. ಕೋಲಾರದಲ್ಲಿ ಒಂದು ಕಾಲೇಜಿನ ಮೇಲೆ ಎರಡು ಗೋಲು ಮುಂದಿದ್ದು, ಕೊನೆಗೆ ಮೂರು ಗೋಲು ಹೊಡೆಸಿಕೊಂಡು ಬಂದ ದಿನ ಬಸ್ಸಿನಲ್ಲಿ ಸೆಲ್ವಿ ಕಿಟಕಿಗೆ ಹಣೆ ಇಟ್ಟು ಅಳುತ್ತಿದ್ದಳು. ಮೇಡಂ ಅವಳ ಪಕ್ಕ ಕೂತು, "ಅಳಬ್ಯಾಡ ನನ ಅವ್ವ. ನೀವು ಹೇಳಿದ್ದೆಲ್ಲಾ ಮಾಡೀರಿ. ತಪ್ಪು ಎಲ್ಲೋ ನಂದ ಐತಿ, ನಾ ಹುಡುಕ್ತೀನಿ" ಅಂದರು. ಸೋತ ಟೀಮಿಗೆ ಹಾಗೆ ಹೇಳಿದ ದೊಡ್ಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹುಡುಕಿದ್ದು ಹೀಗೆ. ದಿನವೂ ಪ್ರಾಕ್ಟೀಸಿಗೆ ಒಂದು ದೊಡ್ಡ ಕ್ಯಾನಿನಲ್ಲಿ ನೀರು ತಂದಿಡಿಸುತ್ತಿದ್ದರು. ಒಂದು ಸಂಜೆ ಅದನ್ನು ಎತ್ತಿಡುವ ಹುಡುಗಿ ಬಂದಿರಲಿಲ್ಲವೆಂದು ತಾವೇ ಎತ್ತಲು ಹೋದರು. ಕ್ಯಾನು ಮೇಲೇಳಲಿಲ್ಲ. ಹದಿನೈದು ಹುಡುಗಿಯರು ಬಿಸಿಲಿನಲ್ಲಿ ಎರಡು ಗಂಟೆ ಆಡಿದ್ದೇವೆ, ಕ್ಯಾನು ತುಂಬಿದ್ದು ತುಂಬಿದ ಹಾಗೇ ಇದೆ. ಮೇಡಂ ಮುಚ್ಚಳ ತೆಗೆದು ನೋಡಿದರು. ನಮ್ಮನ್ನೂ ನೋಡಿದರು.

"ಯಾರೂ ನೀರು ಮುಟ್ಟಿಲ್ಲಲ್ಲ. ಯಾಕ?"

ಸೆಲ್ವಿ, "ದಾಹ ಇಲ್ಲ ಮೇಡಂ" ಅಂದಳು. ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು.

ಮೇಡಂ ನನ್ನ ಕಡೆ ತಿರುಗಿದರು. "ನೀ ಹೇಳವಾ. ಇವತ್ತ ಎಷ್ಟೊತ್ತಿಗೆ ನೀರು ಕುಡಿದಿ?"

"ಬೆಳಿಗ್ಗೆ ಮನೇಲಿ ಕುಡ್ದಿದ್ದೆ ಮೇಡಂ."

"ಆಮ್ಯಾಲ?"

"ಮನೆಗೋಗಿ ಕುಡೀತೀನಿ."

"ನಡುವ ಯಾಕ ಕುಡಿಯಂಗಿಲ್ಲ?"

ನಾನು ನೆಲ ನೋಡಿದೆ. "ಕುಡಿದ್ರೆ ಓಗಬೇಕಾಯ್ತದೆ ಮೇಡಂ."

"ಎಲ್ಲಿಗೆ?" ಎಂದು ಕೇಳಿದವರು ನಾನು ಉತ್ತರ ಹೇಳುವುದರೊಳಗೆ ಕಾಲೇಜಿನ ಹಿಂಭಾಗದ ಕಡೆ ತಿರುಗಿ ನೋಡಿದರು.

ಕಾಲೇಜಿನ ಹಿಂದೆ ಹುಡುಗಿಯರ ಪಾಯಖಾನೆ ಎರಡಿದ್ದವು. ನಲ್ಲಿ ಕೆಟ್ಟು, ಚಿಲಕ ಮುರಿದು ಹಗಲಲ್ಲೂ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ, ಮಧ್ಯಾಹ್ನ ಕ್ಲಾಸು ಮುಗಿದ ಕೂಡಲೇ ಅವಕ್ಕೆ ಬೀಗವೂ ಬೀಳುತ್ತಿತ್ತು. ಗ್ರೌಂಡಿನಲ್ಲಿ ಏನೂ ಇರಲಿಲ್ಲ. ಬೇರೆ ಊರಿಗೆ ಆಡಲು ಹೋದರೂ ಅದೇ ಕಥೆ. ಹುಡುಗರು ಗೋಡೆ ಮರೆಗೆ ಹೋಗಿಬರುತ್ತಿದ್ದರು. ನಾವು ಬೆಳಿಗ್ಗೆ ಮನೆ ಬಿಡುವಾಗಲೇ ಬಾಯಿ ಕಟ್ಟಿಕೊಳ್ಳುತ್ತಿದ್ದೆವು. ಹೈಸ್ಕೂಲಿನಿಂದಲೂ ಹಾಗೇ ಬೆಳೆದವರು, ಒಬ್ಬರಿಗೊಬ್ಬರು ಹೇಳಿಕೊಂಡದ್ದೂ ಇಲ್ಲ. ಅದಕ್ಕೂ ಆಟಕ್ಕೂ ಸಂಬಂಧವಿದೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಮೇಡಂ ಕ್ಯಾನಿನ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟರು. ಮೆಲ್ಲಗೆ ಅಂದರು: "ನಾನೂ ಕುಡಿಯಂಗಿಲ್ಲವಾ. ಕಾಲೇಜಿಗೆ ಬಂದಾಗಿಂದ ಸಂಜಿ ಮನಿ ಮುಟ್ಟೂತನಕ ನಾನೂ ಕುಡಿಯಂಗಿಲ್ಲ. ರೂಢಿ ಆಗಿಬಿಟ್ಟೈತಿ, ಅದಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ. ಮ್ಯಾಲ ನಿಮ್ಮನ್ನ ಹದಿನೈದು ಸುತ್ತು ಓಡಿಸೇನಿ. ತಪ್ಪಾತು."

ಮರುದಿನ ಪ್ರಿನ್ಸಿಪಾಲರ ಹತ್ತಿರ ಹೋದರು. ಸಂಜೆ ಬೀಗ ತೆಗೆದಿಡುವುದು ಆಗುವುದಿಲ್ಲ, ಶುಚಿ ಮಾಡುವವರು ಹೊರಟುಹೋಗಿರುತ್ತಾರೆ, ಹೊಸ ಜೆರ್ಸಿ ಬೇಕಾದರೆ ಕೊಡಿಸೋಣ ಎಂದರಂತೆ ಅವರು. ಮೇಡಂ ದನಿ ಏರಿಸಲಿಲ್ಲ. ಅಂದು ಸಂಜೆ ಪ್ರಾಕ್ಟೀಸಿನ ನಡುವೆ ಸೀಟಿ ಊದಿ, ನಮ್ಮೆಲ್ಲರಿಗೂ ಎರಡೆರಡು ಲೋಟ ನೀರು ಕುಡಿಸಿದರು. ಕುಡಿಯುವವರೆಗೆ ಬಿಡಲಿಲ್ಲ. ಅರ್ಧ ಗಂಟೆಯ ನಂತರ ಕೆಂಪು ಮಣ್ಣು ಮೆತ್ತಿದ ಹದಿನೈದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ನಡೆದರು.

"ಸರ್, ನಿಮ್ಮ ರೂಮಿನ್ಯಾಗ ಒಂದು ಐತಲ್ರಿ, ಬೀಗ ಇಲ್ಲದ್ದು. ಹುಡುಗ್ಯಾರು ಅಲ್ಲಿಗೆ ಹೋಗಿ ಬರ್ತಾರ. ನೀವು ಕೆಲಸ ಮಾಡ್ರಿ, ನಮ್ಮದೇನೂ ತೊಂದರಿ ಇಲ್ಲ."

ಪ್ರಿನ್ಸಿಪಾಲರು ಎದುರಿಗೆ ಕೂತಿದ್ದ ಇಬ್ಬರು ಅತಿಥಿಗಳನ್ನು ನೋಡಿದರು, ನಮ್ಮನ್ನು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ನಾವು ಒಬ್ಬೊಬ್ಬರೇ ಒಳಗೆ ಹೋಗಿ ಹೊರಗೆ ಬಂದೆವು. ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಮೇಡಂ ಬಾಗಿಲ ಪಕ್ಕ ನಿಂತು ಅತಿಥಿಗಳಿಗೆ ನಮ್ಮ ಟೀಮಿನ ಪರಿಚಯ ಮಾಡಿಕೊಟ್ಟರು. "ಇಕಿ ರೈಟ್ ವಿಂಗ್ ರೀ, ಗಾಳಿ ಹಂಗ ಓಡ್ತಾಳ" ಎಂದು ನನ್ನ ಬಗ್ಗೆ ಹೇಳಿದ್ದನ್ನು ನಾನು ಒಳಗಿನಿಂದಲೇ ಕೇಳಿಸಿಕೊಂಡೆ. ಮೂರು ಸಂಜೆ ಹೀಗೇ ನಡೆಯಿತು. ನಾಲ್ಕನೆಯ ದಿನ ಅಟೆಂಡರು ಗ್ರೌಂಡಿಗೇ ಬಂದು ಬೀಗದ ಕೈ ಕೊಟ್ಟುಹೋದ. ಪಾಳಿಯ ಮೇಲೆ ತೊಳೆಯುವುದು ನಮ್ಮ ಕೆಲಸವಾಯಿತು, ಮೊದಲ ಪಾಳಿ ಮೇಡಂ ಅವರದೇ. ಪ್ರಿನ್ಸಿಪಾಲರೂ ಕೆಟ್ಟವರಲ್ಲ. ಆಮೇಲೆ ಬಾಗಿಲಿಗೆ ಹೊಸ ಚಿಲಕ ಹಾಕಿಸಿದರು, ನಲ್ಲಿ ರಿಪೇರಿ ಮಾಡಿಸಿದರು.

ನೀರು ಕುಡಿಯುವುದನ್ನೂ ನಾವು ಹೊಸದಾಗಿ ಕಲಿಯಬೇಕಾಯಿತು. ಮೊದಲ ವಾರ ಹತ್ತು ನಿಮಿಷಕ್ಕೊಬ್ಬಳು ಕೈ ಎತ್ತುವುದು, ಓಡುವುದು, ಮಿಕ್ಕವರು ಹೊಟ್ಟೆ ಹಿಡಿದು ನಗುವುದು, ಇದೇ ಆಯಿತು. ಬೇರೆ ಊರಿಗೆ ಹೋದಾಗ ಮೇಡಂ ಗ್ರೌಂಡು ನೋಡುವ ಮೊದಲು ಅದರ ಅಕ್ಕಪಕ್ಕದ ಮನೆಗಳನ್ನು ನೋಡುತ್ತಿದ್ದರು. ಹೆಂಗಸರು ಕಂಡ ಮನೆಯ ಬಾಗಿಲಿಗೆ ಹೋಗಿ, "ಅಕ್ಕಾರ, ದೂರದಿಂದ ಆಡಾಕ ಬಂದೀವಿ, ಹುಡುಗ್ಯಾರಿಗೆ ಸ್ವಲ್ಪ ಅನುಕೂಲ ಮಾಡಿಕೊಡ್ರಿ" ಎಂದು ಕೇಳುತ್ತಿದ್ದರು. ಒಂದು ಮನೆಯವರೂ ಇಲ್ಲವೆನ್ನಲಿಲ್ಲ. ಮಾಲೂರಿನ ಒಬ್ಬ ಅಜ್ಜಿಯಂತೂ ನಮಗೆಲ್ಲ ಮಜ್ಜಿಗೆ ಕೊಟ್ಟು, ತಾನೂ ಕುರ್ಚಿ ತರಿಸಿಕೊಂಡು ಮ್ಯಾಚು ನೋಡಲು ಬಂದಳು.

ಕೋಲಾರದ ಆ ಕಾಲೇಜಿನವರು ನಮ್ಮ ಊರಿಗೆ ಆಡಲು ಬಂದದ್ದು ಎರಡು ತಿಂಗಳ ಮೇಲೆ. ಟೀ ಅಂಗಡಿಯವರು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದರು. ಸೆಲ್ವಿಯ ತಾತ ಕೋಲೂರಿಕೊಂಡು ಬಂದು ಗೆರೆಯ ಪಕ್ಕ ಕೂತಿದ್ದರು. ಒಂದು ಗಂಟೆ ಮುಗಿದಾಗ ಇಬ್ಬರದೂ ಒಂದೊಂದು ಗೋಲು. ಜನ ಆಗಲೇ ಎದ್ದು ಪಂಚೆ ಕೊಡವಿಕೊಳ್ಳತೊಡಗಿದರು, ಮುಂದಿನದು ಅವರಿಗೆ ಗೊತ್ತಿತ್ತಲ್ಲ.

ಸೆಲ್ವಿ ಬಾಲನ್ನು ಬಲಕ್ಕೆ ಒದೆದಳು. ನಾನು ಓಡಿದೆ. ಕಾಲು ಬಂತು. ನಿಜ ಹೇಳುತ್ತೇನೆ, ನನಗೇ ಆಶ್ಚರ್ಯವಾಯಿತು, ಕಾಲು ನನ್ನ ಜೊತೆಗೇ ಬಂತು. ಆ ಸಲ ಬಾಲು ದಾಟಿಸಿದೆ, ಗೋಲ್‌ಕೀಪರ್ ಹಿಡಿದಳು. ಮತ್ತೆ ಒದೆದಳು, ಮತ್ತೆ ಓಡಿದೆ. ನನ್ನನ್ನು ತಡೆಯುತ್ತಿದ್ದ ಎತ್ತರದ ಹುಡುಗಿ ಸೊಂಟದ ಮೇಲೆ ಕೈ ಇಟ್ಟು ಬಗ್ಗಿ ಉಸಿರಾಡುತ್ತಿದ್ದಳು. ಅವಳ ತುಟಿಯೂ ಒಣಗಿತ್ತು. ನಾಲ್ಕನೆಯ ಓಟಕ್ಕೆ ಅವಳು ನನ್ನ ಹಿಂದೆ ಬರಲೇ ಇಲ್ಲ. ಗೆರೆಯ ಆಚೆ ಮೇಡಂ ಸೀರೆ ಹಿಡಿದುಕೊಂಡು ನನ್ನ ಸಮಕ್ಕೆ ಓಡುತ್ತಿದ್ದರು, ಮೂರು ಭಾಷೆಯನ್ನೂ ಕಲಸಿ ಏನೋ ಕೂಗುತ್ತಿದ್ದರು. ನಾನು ದಾಟಿಸಿದ ಬಾಲಿಗೆ ಸೆಲ್ವಿ ತಲೆ ಕೊಟ್ಟಳು. ಅದು ಒಳಗೆ ಹೋದದ್ದು ನನಗೆ ಕಾಣಲಿಲ್ಲ, ಅವಳ ತಾತ ಕೋಲನ್ನು ಮೇಲಕ್ಕೆ ಎಸೆದದ್ದು ಕಂಡಿತು.

ಆಟ ಮುಗಿದ ಮೇಲೆ ಮೇಡಂ ಮೊದಲು ಹೋದದ್ದು ಆ ಎತ್ತರದ ಹುಡುಗಿಯ ಹತ್ತಿರ. ಅವಳ ಕೈಗೆ ನೀರಿನ ಲೋಟ ಕೊಟ್ಟು, ಕಿವಿಯಲ್ಲಿ ಏನೋ ಹೇಳಿ, ಕಾಲೇಜಿನ ಹಿಂಭಾಗಕ್ಕೆ ಕೈ ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಟೀಮಿನವರೆಲ್ಲ ಆ ಕಡೆ ನಡೆದುಹೋದರು.

ಆ ವರ್ಷ ನಮಗೆ ಕಪ್ಪೇನೂ ಬರಲಿಲ್ಲ. ಸೆಮಿಫೈನಲ್ಲಿನಲ್ಲಿ ನಮಗಿಂತ ಒಳ್ಳೆಯ ಟೀಮಿನ ಕೈಯಲ್ಲಿ ಸೋತೆವು. ಆದರೆ ಸೀಟಿ ಊದುವವರೆಗೂ ಓಡುತ್ತಲೇ ಇದ್ದೆವು. ಸೋತು ಬಂದ ಆ ಸಂಜೆ ಟೀ ಅಂಗಡಿಯವರು ಎಂದಿನ ಪ್ರಶ್ನೆ ಕೇಳಲಿಲ್ಲ, ಎಲ್ಲರಿಗೂ ಬಿಸಿ ಬಿಸಿ ಬೋಂಡಾ ಕೊಟ್ಟರು.

ಈಗ ನಾನೂ ಬಂಗಾರಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಮೇಡಂ ರಿಟೈರಾಗಿದ್ದಾರೆ. ಗದಗಕ್ಕೆ ವಾಪಸು ಹೋಗುತ್ತಾರೆ ಅಂದುಕೊಂಡಿದ್ದೆವು, ಹೋಗಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲೇ ಪುಟ್ಟ ಮನೆ ಮಾಡಿಕೊಂಡಿದ್ದಾರೆ. ಮಂಡಿ ನೋವಿದೆ, ಆದರೂ ಭಾನುವಾರ ಎಲ್ಲಿ ಆಟ ನಡೆದರೂ ಹೋಗುತ್ತಾರೆ.

ಹೋದ ವರ್ಷ ನೋಡಲು ಹೋದಾಗ ಅವರಿಗೆ ಅಮ್ಮನ ವಿಷಯ ಹೇಳಿದೆ. ನಾನು ಕಾಲೇಜಿನಲ್ಲಿದ್ದಾಗ ಈ ನೀರಿನ ಕಥೆಯನ್ನು ಮನೆಯಲ್ಲಿ ಹೇಳಿದ್ದೆ. ಅಮ್ಮ ನಕ್ಕು, "ಬಾಲ್ ಆಡಕ್ಕೆ ಓಗಿ ಇದಾ ಕಲ್ತುಬಂದಿದ್ದು ನೀನು" ಅಂದಿದ್ದಳು. ಆಮೇಲೆ ತನ್ನ ಕಥೆಯನ್ನೂ ಹೇಳಿದ್ದಳು. ಟೊಮೆಟೊ ತೋಟದಲ್ಲಿ ಅವಳೂ ಅವಳ ಜೊತೆಯವರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ಕಟ್ಟಿಕೊಂಡೇ ದುಡಿಯುತ್ತಿದ್ದರು. ದಿನವೂ ಸಂಜೆ ಅವಳಿಗೆ ತಲೆನೋವು. ಬಿಸಿಲಿನದು ಅಂದುಕೊಂಡಿದ್ದೆವು. ಅಮ್ಮ ಜೊತೆಯವರನ್ನೆಲ್ಲ ಒಂದು ಮಾಡಿಕೊಂಡು ಹೋಗಿ ತೋಟದ ಯಜಮಾನನ ಮುಂದೆ ನಿಂತಳು. ಅವನು ಇವತ್ತು ನಾಳೆ ಎಂದು ದಿನ ತಳ್ಳಿದ. ಹಣ್ಣು ಕೀಳುವ ದಿನ ಇವರೆಲ್ಲ ಬದುವಿನ ಮೇಲೆ ಕೂತುಬಿಟ್ಟರಂತೆ. ಆ ವಾರದಲ್ಲೇ ಬೋರ್‌ವೆಲ್ ಪಕ್ಕ ತಗಡಿನ ಗೋಡೆ ಎದ್ದಿತು, ಬಾಗಿಲು ಬಂತು, ಬಕೆಟ್ಟು ಬಂತು. ಅಮ್ಮನ ತಲೆನೋವು ಹೋಗಿ ಎಷ್ಟೋ ವರ್ಷವಾಯಿತು. ಇದನ್ನು ನಿಮಗೆ ಹೇಳಿಯೇ ಇರಲಿಲ್ಲ ಮೇಡಂ, ಅಂದೆ.

ಮೇಡಂ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಅವ್ವಾರ ಜೋಡಿ ಎಷ್ಟು ಮಂದಿ ಇದ್ದರವಾ?"

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. "ಅಮ್ಮನೂ ಸೇರಿ ಹನ್ನೊಂದು ಜನ ಮೇಡಂ."

"ಹನ್ನೊಂದು" ಅಂದರು ಅವರು, ಕನ್ನಡಕ ಹಾಕಿಕೊಳ್ಳುತ್ತಾ. "ಅಂದ್ರ ಪೂರಾ ಟೀಮ್ ಆತಲ್ಲ. ಯಾರ‍್ಯಾರು ಎಲ್ಲೆಲ್ಲಿ ಆಡ್ತಾರ, ಅದನ್ನ ಮೊದಲ ಹೇಳು."